ಹೊಸ್ತಿಲಾಚೆಯ ಮೊದಲ ಚಾ

ಬೊರಿವಲಿಯ ನಮ್ಮ ಹೋಟೆಲಿನಲ್ಲಿ ಚಾ ಮಾಡುತ್ತಿದ್ದ ಮುದುಕ ಒಂದು ಕಾಲದಲ್ಲಿ ಪಿಶಾಚಿಗಳ ಅರಸನಾಗಿದ್ದನಂತೆ. ಊರಿನ ಸುದ್ದಿ ಹೇಳಿದ ಹಾಗೆ ಅವನೇ ಹೇಳಿದ್ದ; ನಾವು ನಕ್ಕಿದ್ದೆವು. ಅವನು ಯಾವಾಗಲೂ ಗೋಡೆಗೆ ಬೆನ್ನು ಅಂಟಿಸಿಕೊಂಡೇ ಇರುತ್ತಿದ್ದ. ಚಾ ಸೋಸುವಾಗಲೂ ಅಷ್ಟೇ.

ಬೆಳಗಿನ ಮೊದಲ ಚಾವನ್ನು ಹೊಸ್ತಿಲಾಚೆ ಚೆಲ್ಲುವುದು ನಮ್ಮಪ್ಪನ ಕಾಲದ ಪದ್ಧತಿ. ಅದಕ್ಕೆ ಮಾತ್ರ ಮುದುಕ ಬಿಡುತ್ತಿರಲಿಲ್ಲ. "ಬೇಡ ಧಣಿ, ನನ್ನವರು ಹಸಿದಿದ್ದಾರೆ. ಕೊಟ್ಟವರ ಬೆನ್ನು ಬಿಡುವವರಲ್ಲ," ಎನ್ನುತ್ತಿದ್ದ.

ಒಂದು ದಿನ ಅವನಿಗೆ ಜ್ವರ. ಒಲೆಯ ಮುಂದೆ ನಾನೇ ನಿಂತೆ. ಅಪ್ಪನ ನೆನಪಾಗಿ ಮೊದಲ ಲೋಟ ಹೊರಗೆ ಚೆಲ್ಲಿದೆ. ನೆಲ ಒದ್ದೆಯಾಗಲಿಲ್ಲ.

ಮರುದಿನ ಬಂದವನು ಬಾಗಿಲಲ್ಲೇ ನಿಂತು ನನ್ನ ಹೆಗಲಾಚೆ ನೋಡಿದ. ಅವನ ಮುಖ ಬಿಳುಚಿತು. "ಬೇಡ ಬೇಡ ಎಂದು ಎಷ್ಟು ಸಲ ಹೇಳಿದ್ದೆ, ಧಣಿ," ಎಂದ ಮೆಲ್ಲಗೆ. "ಇನ್ನು ದಿನಾ ಕೊಡಬೇಕು. ತಡ ಮಾಡಬೇಡಿ." ಆಮೇಲೆ, ಮೊದಲ ಸಲ ನಮಗೆಲ್ಲ ಬೆನ್ನು ತೋರಿಸಿ, ಕೈ ಬೀಸಿಕೊಂಡು ಸ್ಟೇಷನ್ ಕಡೆ ನಡೆದುಹೋದ.

ಈಗ ನಾನು ಗೋಡೆಗೆ ಒರಗಿಯೇ ಗಲ್ಲಾದಲ್ಲಿ ಕೂರುತ್ತೇನೆ. ಆದರೂ ನನ್ನ ಬೆನ್ನಿಗೂ ಗೋಡೆಗೂ ನಡುವೆ, ಯಾರೋ ಬಿಸಿ ಚಾ ಊದಿ ಆರಿಸುವ ಸದ್ದು ಕೇಳುತ್ತದೆ.