ಚಹಾವೋ ಧೂಳೋ

ಉತ್ತರ ವೇಲ್ಸಿನ ನಮ್ಮೂರ ಸ್ಲೇಟುಗಣಿಯಲ್ಲಿ ಇಪ್ಪತ್ತೆಂಟು ವರ್ಷ ಕಲ್ಲು ಸೀಳಿದ ಇಡ್ವಾಲನಿಗೆ ಎದೆ ಕೆಟ್ಟ ಮೇಲೆ ಕೂತು ಮಾಡುವ ಕೆಲಸ ಕೊಟ್ಟರು. ಊಟದ ಗುಡಿಸಲಿನಲ್ಲಿ ಒಲೆ ಕಾಯುವುದು, ಚಹಾ ಮಾಡುವುದು. ಬೆಳಗ್ಗೆ ಏಳಕ್ಕೆ ಏರಿಸಿದ ಚಹಾ ಹನ್ನೆರಡರವರೆಗೂ ಕುದಿಯುತ್ತಿತ್ತು. ಸುಮಾರು ನಲವತ್ತು ಜನ, ಎಲ್ಲರಿಗೂ ಅದೇ ಕಡು ರುಚಿ ಬೇಕು.

೧೯೧೧ರ ಚಳಿಗಾಲದಲ್ಲಿ ಆರು ಜನ ಎದೆರೋಗದಿಂದ ಸತ್ತರು. ಗಣಿಯ ಡಾಕ್ಟರು ವಿಚಾರಿಸಿ ಕಾರಣ ಕಂಡುಹಿಡಿದರು. ಕಲ್ಲಿನ ಧೂಳಲ್ಲ, ಅತಿಯಾಗಿ ಕುದಿಸಿದ ಚಹಾ. ಚಹಾ ಬಿಡಿ ಎಂದು ಗುಡಿಸಲಿನ ಬಾಗಿಲಿಗೆ ನೋಟೀಸು ಬಿತ್ತು. ಚಹಾ ನಿಂತರೆ ಇಡ್ವಾಲನ ಕೆಲಸವೂ ಹೋಗುತ್ತಿತ್ತು.

ಊಟದ ಹೊತ್ತಿನಲ್ಲಿ ವಾದ ಮಾಡಿ, ಕೈಯೆತ್ತಿ ತೀರ್ಮಾನಿಸುವುದು ಆ ಗುಡಿಸಲಿನ ಪದ್ಧತಿ. ಹಿಂದಿನ ವಾರ, ಬೈಬಲ್ಲಿನ ಪ್ರವಾದಿ ಯೋನನನ್ನು ನುಂಗಿದ್ದು ಮೀನೋ ತಿಮಿಂಗಿಲವೋ ಎಂದು ವಾದ ನಡೆದು ಮೀನು ಗೆದ್ದಿತ್ತು. ಈ ವಾರ ಚಹಾವೋ ಧೂಳೋ.

"ಏನಪ್ಪಾ ಇಡ್ವಾಲ್, ನಮ್ಮನ್ನೆಲ್ಲ ಕೊಲ್ತಾ ಇರೋದು ನೀನಂತೆ?" ಎಂದ ಅಧ್ಯಕ್ಷ ಟೆಗಿಡ್.

"ಸತ್ತ ಆರು ಜನರಲ್ಲಿ ಎಲಿಸ್ ಹುಟ್ಟಿದಾಗಿನಿಂದ ಚಹಾ ಮುಟ್ಟಿರಲಿಲ್ಲ, ಬರೀ ಮಜ್ಜಿಗೆ. ಅವನ್ಯಾಕೆ ಸತ್ತ? ಪಾದ್ರಿಗಳ ಹೆಂಡ್ತಿ ದಿನಕ್ಕೆ ಹತ್ತು ಕಪ್ಪು ಕುಡೀತಾರೆ. ವಯಸ್ಸು ಎಂಬತ್ತೊಂದಾಯ್ತು," ಎಂದ ಇಡ್ವಾಲ್.

"ಆಯಮ್ಮನಿಗೆ ಮಾತಾಡೋದ್ರಲ್ಲಿ ಸಾಯೋಕೂ ಬಿಡುವಿಲ್ಲ ಬಿಡೋ," ಎಂದಿತು ಹಿಂದಿನ ಬೆಂಚು.

ಎಲ್ಲರೂ ನಕ್ಕರು, ಆಮೇಲೆ ಕೆಮ್ಮಿದರು. ಕೆಮ್ಮು ಮುಗಿಯುವವರೆಗೆ ಟೆಗಿಡ್ ಕಾದ. ವಾದದಲ್ಲಿ ಇಡ್ವಾಲನೇ ಗೆದ್ದನೆಂದು ಎಲ್ಲರೂ ಒಪ್ಪಿದರು. ಆದರೂ ಕೈಯೆಣಿಸಿದಾಗ ಧೂಳಿಗೆ ಹತ್ತೊಂಬತ್ತು, ಚಹಾಕ್ಕೆ ಹತ್ತೊಂಬತ್ತು. ಇಡ್ವಾಲನದೊಂದೇ ಉಳಿದಿತ್ತು.

ಕಲ್ಲು ಕೊಯ್ಯುವ ಅವನ ಅಳಿಯ ಮೈರಿಗ್ ಚಹಾದ ಕಡೆ ಕೈಯೆತ್ತಿದ್ದ.

"ಏನೋ, ನಿನ್ನ ಪ್ರಕಾರವೂ ಕೊಲೆಗಾರ ನಾನೇನಾ?"

"ಮಾವ, ಚಹಾ ಆದ್ರೆ ನಾಳೆಯಿಂದ ಬಿಟ್ಟುಬಿಡ್ತೀನಿ. ಧೂಳು ಅಂದ್ರೆ ಏನು ಬಿಡಲಿ? ತುಂಬು ಬಸುರಿ ನಿಮ್ಮ ಮಗಳು."

ಇಡ್ವಾಲ್ ಒಲೆಯಿಂದ ಚಹಾದ ಪಾತ್ರೆ ಇಳಿಸಿದ. ಚಹಾದ ಕಡೆ ಕೈಯೆತ್ತಿದ.

ಸೋಮವಾರದಿಂದ ಮಜ್ಜಿಗೆ ಬಂತು. ಅದಕ್ಕೆ ಒಲೆ ಬೇಡ, ಒಲೆ ಕಾಯುವವನೂ ಬೇಡ. ಕಾರ್ಮಿಕರು ತಾವಾಗಿಯೇ ದುಶ್ಚಟ ಬಿಟ್ಟರೆಂದು ಡಾಕ್ಟರು ವರದಿಯಲ್ಲಿ ಮೆಚ್ಚಿ ಬರೆದರು.

ಇಡ್ವಾಲ್ ಮೊಮ್ಮಗಳ ತೊಟ್ಟಿಲು ತೂಗುತ್ತ ಮನೆಯಲ್ಲೇ ಎರಡು ವರ್ಷ ಕೆಮ್ಮಿದ. ಸಂಜೆ ನಾನು, ಆ ಹತ್ತು ಕಪ್ಪಿನ ಪಾದ್ರಿ ಹೆಂಡತಿ, ಹೋಗಿ ಒಂದು ಕೀರ್ತನೆ ಓದಿ ಬರುತ್ತಿದ್ದೆ. ಓದು ಮುಗಿದೊಡನೆ ಕೇಳುತ್ತಿದ್ದ:

"ಮೈರಿಗ್ ಮಜ್ಜಿಗೇನೇ ಕುಡೀತಿದಾನಲ್ವಾ, ತಾಯಿ?"

ಕುಡಿಯುತ್ತಿದ್ದಾನೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಗೋಡೆಯಾಚೆಯ ಮೈರಿಗನ ಕೆಮ್ಮು ಇಡ್ವಾಲನಿಗೆ ಕೇಳಿಸದಿರಲೆಂದು ಇನ್ನೊಂದು ಕೀರ್ತನೆ ಓದುತ್ತಿದ್ದೆ, ಸ್ವಲ್ಪ ಗಟ್ಟಿಯಾಗಿ.