ಭೂತಗನ್ನಡಿಯಮ್ಮನವರ ಹಿತ್ತಿಲು

ದೇವರನ್ನು ನೆನೆಯದೆ ದಿನವನ್ನು ತೊಡಗದವರು, ಹೇಳಿದ ಹೊತ್ತಿಗೆ ಹೇಳಿದೆಡೆಯಲ್ಲಿ ಇರುವವರು, ಪರರ ಗುಟ್ಟನ್ನು ಕೇಳಿದರೂ ಕಿವಿಯಲ್ಲಿಯೇ ಹೂಳುವವರು, ಹೊಗಳಿಕೆಗೆ ಉಬ್ಬದವರು, ಹೊಗಳಿದವರನ್ನು ಮೊದಲು ಶಂಕಿಸುವವರು, ಎದುರು ನಿಂತ ಮನುಷ್ಯನೊಡನೆ ಎಂದೂ ಸುಳ್ಳಾಡದವರು, ಪರಮಾತ್ಮನೊಬ್ಬನನ್ನುಳಿದು ಮತ್ತಾರನ್ನೂ ಎರಡು ಸಲ ನೋಡದೆ ನಂಬದವರು. ಇಂತಹ ತಾಯಿಯೊಬ್ಬರ ಬಾಳಿನ ಒಂದು ಚಳಿಗಾಲವನ್ನು ಇಲ್ಲಿ ನಿರೂಪಿಸುತ್ತಿದ್ದೇನೆ. ಬ್ಯಾಂಕಿನವರು ಅವರನ್ನು ಕರೆಯುತ್ತಿದ್ದುದು ಭೂತಗನ್ನಡಿಯಮ್ಮ ಎಂದು.

ಆ ಹೆಸರು ಅವರಿಗೆ ಕೆಲಸದಿಂದ ಬಂದುದು. ಚೆಕ್ಕಿನ ಮೇಲಿನ ಸಹಿಯನ್ನು, ಖಾತೆ ತೆರೆದ ದಿನ ಗಿರಾಕಿ ಹಾಕಿಕೊಟ್ಟ ಮಾದರಿ ಸಹಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಕೈಯವೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಕಿಟಕಿಯಿಲ್ಲದ ಮೂಲೆ, ತಲೆಯ ಮೇಲೊಂದು ಟ್ಯೂಬ್‌ಲೈಟು, ಮೇಜಿನ ಮೇಲೊಂದು ಭೂತಗನ್ನಡಿ. ನೂರು ಸಂಶಯಪಟ್ಟ ಬಳಿಕ ಒಮ್ಮೆ ಸರಿಯೆಂದು ಮುದ್ರೆಯೊತ್ತಿದರೆ, ಆ ಕಾಗದವನ್ನು ಅವರು ಮತ್ತೆ ತಿರುಗಿ ನೋಡುತ್ತಿರಲಿಲ್ಲ. ನಿವೃತ್ತಿಯ ದಿನ ಮ್ಯಾನೇಜರು ಓದಿದ ಭಾಷಣವನ್ನು ಕೇಳುತ್ತ, ಹಿಂದಿನ ವರ್ಷ ಇನ್ನೊಬ್ಬರಿಗೆ ಓದಿದ್ದು ಇದೇ ಅಲ್ಲವೇ ಎಂದು ಮನಸ್ಸಿನಲ್ಲಿಯೇ ಹೋಲಿಸಿದರಂತೆ. ಅದೇ ಆಗಿತ್ತಂತೆ.

ಕಿಟಕಿಯಿಲ್ಲದ ಮೂಲೆಯಲ್ಲಿ ಆಯುಷ್ಯ ಸವೆಸಿದವರಿಗೆ ಉಳಿದಿದ್ದ ಆಸೆ ಒಂದೇ: ಮನೆಯ ಹಿಂಬಾಗಿಲನ್ನು ತೆರೆದರೆ, ತಾವೇ ಬೆಳೆಸಿದ ಹಸಿರು ಕಣ್ಣಿಗೆ ಬೀಳಬೇಕು. ಹಿತ್ತಿಲು ಬರಿದಾಗಿಯೇ ಇತ್ತು. ಆದರೆ ಒಂದೇ ಸೂರಿನಡಿ ವಾಸವಾಗಿದ್ದ ಮೈದುನ, ಊರವರಿಗೆ ಕಾರು ಓಡಿಸಲು ಕಲಿಸುವವನು, ಅದೇ ನೆಲಕ್ಕೆ ಕಾಂಕ್ರೀಟು ಹಾಸಿ ಕಾರು ನಿಲ್ಲಿಸಬೇಕೆಂದಿದ್ದ. ಮಾತು ಬೆಳೆಯಿತು. ಕೊನೆಗೆ ಯಜಮಾನರು ಪತ್ರಿಕೆಯ ಮರೆಯಿಂದಲೇ ತೀರ್ಪು ಕೊಟ್ಟರು: ಬೇಸಿಗೆ ಕಾಲಿಡುವುದರೊಳಗೆ ಹಿತ್ತಿಲಲ್ಲಿ ಹಸಿರು ಕಂಡರೆ ನೆಲ ಅತ್ತಿಗೆಯದು, ಇಲ್ಲವಾದರೆ ಮೈದುನನದು.

ಮಣ್ಣನ್ನು ಮುಟ್ಟಿಯೇ ಅರಿಯದ ಭೂತಗನ್ನಡಿಯಮ್ಮನವರು ಫೋನಿನ ಮೊರೆಹೊಕ್ಕರು. ಮೈದುನನ ಹೆಂಡತಿ, ಅವರ ಓರಗಿತ್ತಿ, ಕೈತೋಟಕ್ಕೆಂದೇ ಇರುವ ಮೂರು ಆ್ಯಪ್‌ಗಳನ್ನು ಹುಡುಕಿಕೊಟ್ಟಳು. ಮೊದಲನೆಯದರ ಕೆಳಗೆ ಬಳಸಿದವರ ಹೊಗಳಿಕೆಗಳ ಸಾಲೇ ಇತ್ತು. ಅಮ್ಮನವರು ಕನ್ನಡಕವನ್ನು ಹಣೆಗೇರಿಸಿ, ಭೂತಗನ್ನಡಿಯನ್ನು ಪರದೆಗೆ ಹಿಡಿದು, ಒಂದೊಂದನ್ನೂ ಓದಿದರು. ಪ್ರತಿಯೊಂದೂ ಒಣಗಿದ ಗಿಡದ ದುಃಖದಿಂದ ಆರಂಭವಾಗಿ ಮನೆಮಂದಿಯ ಹರ್ಷದಲ್ಲಿ ಮುಗಿಯುತ್ತಿತ್ತು. ಹೆಸರು ಹಲವು, ಕೈ ಒಂದೇ ಎಂದು ಅದನ್ನು ಅಳಿಸಿದರು. ಎರಡನೆಯದು ತೆರೆಯುತ್ತಲೇ, ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅಪ್ಪಣೆ ಕೇಳಿತು.

“ಬದನೆ ಗಿಡಕ್ಕೆ ನಮ್ಮ ತಂಗಿ ನಂಬರು ಯಾಕಂತೆ?” ಎಂದರು.

“ಮಾತಾಡೋಕಿರಬೇಕು, ಅಕ್ಕ,” ಎಂದಳು ಓರಗಿತ್ತಿ.

ಅದೂ ಹೋಯಿತು. ಮೂರನೆಯದು ಮಿತಭಾಷಿ. ನೆಲದ ಉದ್ದಗಲವನ್ನು ಹೇಳಿದರೆ ಪರದೆಯ ಮೇಲೆ ಹಿತ್ತಿಲಿನ ಚಿತ್ರ ಬರೆದು, ಯಾವ ಪಾತಿಯಲ್ಲಿ ಯಾವ ಗಿಡವೆಂದು ತೋರಿಸುತ್ತಿತ್ತು. ಹಲವು ದಿನ ಅದರ ಮೇಲೆ ಕಣ್ಣಿಟ್ಟು ಕಾದು, ಕುಂದು ಕಾಣದೆ, ಅಮ್ಮನವರು ಒಪ್ಪಿದರು. ಆದರೆ ಚಿತ್ರ ಬರೆಯುವ ಮುನ್ನ ಅದು ಕೆಲವು ಪ್ರಶ್ನೆಗಳನ್ನು ಕೇಳಿತು. ಹಿತ್ತಿಲು ಮನೆಯ ಯಾವ ದಿಕ್ಕಿಗಿದೆ? ಆಚೆಯ ಗೋಡೆ ಎಷ್ಟು ಎತ್ತರ? ನೀರುಣಿಸಲು ಮನೆಯಲ್ಲಿ ಯಾವಾಗ ಇರುತ್ತೀರಿ?

ಅಮ್ಮನವರ ಬೆನ್ನು ನೆಟ್ಟಗಾಯಿತು. ಹಿಂಬಾಗಿಲು ಎತ್ತ, ಗೋಡೆ ಹಾರಬಹುದೇ, ಮನೆಮಂದಿ ಎಷ್ಟು ಹೊತ್ತಿಗೆ ಇರುವುದಿಲ್ಲ: ಇವನ್ನು ತೋಟಗಾರನು ಕೇಳುವನೋ, ಕಳ್ಳನು ಕೇಳುವನೋ? ಮನುಷ್ಯರೊಡನೆ ಸುಳ್ಳಾಡದ ಆ ಸಾಧ್ವಿ ಯಂತ್ರದೊಡನೆ ಸುಳ್ಳಾಡಿದರು. ಮನೆಯ ಪೂರ್ವಕ್ಕಿದ್ದ ಹಿತ್ತಿಲನ್ನು ಪಶ್ಚಿಮಕ್ಕೆ ತಿರುಗಿಸಿದರು. ಸೊಂಟದೆತ್ತರದ ಗೋಡೆಯನ್ನು ಎರಡಾಳೆತ್ತರಕ್ಕೆ ಏರಿಸಿದರು. ಮೂರನೆಯ ಪ್ರಶ್ನೆಗೆ, ಮನೆಯಲ್ಲಿ ಹಗಲಿರುಳೂ ಜನವಿರುತ್ತಾರೆ ಎಂದು ಬರೆದರು. ಕಳ್ಳನಾಗಿದ್ದರೆ ಅಲ್ಲಿಗೇ ಆಸೆ ಬಿಡಲಿ ಎಂದು ನಿಶ್ಚಿಂತರಾದರು.

ಆ್ಯಪು ತನಗೆ ತಿಳಿಸಿದಂತೆಯೇ ಯೋಜಿಸಿತು. ಎತ್ತರದ ಗೋಡೆಯ ನೆರಳು ಬೀಳಬೇಕಾದ ಅಂಚಿನಲ್ಲಿ ಪಾಲಕ್ಕನ್ನೂ ಕೊತ್ತಂಬರಿಯನ್ನೂ, ಬಿಸಿಲು ಸುರಿಯಬೇಕಾದ ಮನೆಗೋಡೆಯ ಬುಡದಲ್ಲಿ ಟೊಮೇಟೊವನ್ನೂ ಮೆಣಸಿನ ಗಿಡವನ್ನೂ ಇರಿಸಿತು. ಅಮ್ಮನವರು ಮುದ್ರೆಯೊತ್ತಿದ ಕಾಗದವನ್ನು ಮರಳಿ ನೋಡದವರಲ್ಲವೇ? ಚಿತ್ರದಂತೆಯೇ ಬಿತ್ತಿದರು, ನೆಟ್ಟರು. ಚಳಿಗಾಲ ಅರ್ಧಕ್ಕೆ ಬಂದಿತು. ಆಚೆಯಂಚಿನ ಎಳೆಯ ಸೊಪ್ಪು ಬಿಸಿಲಿಗೆ ಸೀದು ಮಣ್ಣಿನ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನದಿಂದಾಚೆಗೆ ಬಿಸಿಲನ್ನೇ ಕಾಣದ ಟೊಮೇಟೊ ಬಿಳಚಿಕೊಂಡು, ಉದ್ದುದ್ದ ಕತ್ತು ಚಾಚಿ ಒರಗಿತು.

ಅಮ್ಮನವರ ಸಂಶಯ ಆ್ಯಪಿನ ಕಡೆಗೆ ಹೋಗಲಿಲ್ಲ. ಅದು ಪರೀಕ್ಷೆಯಲ್ಲಿ ಗೆದ್ದದ್ದು. ಹಿತ್ತಿಲು ಹಾಳಾದರೆ ಲಾಭ ಯಾರಿಗೆ? ಮೈದುನನಿಗೆ. ಮಣ್ಣನ್ನು ಮೂಗಿನ ಬಳಿ ಹಿಡಿದು ಅವನು ಕಾರು ತೊಳೆಯುವ ಸಾಬೂನಿನ ವಾಸನೆಯಿದೆಯೇ ಎಂದು ನೋಡಿದರು. ಅವನ ಚಪ್ಪಲಿಯ ತಳವನ್ನು ಪರೀಕ್ಷಿಸಿದರು. ಹಿಂಬಾಗಿಲಿಗೆ ಅಡ್ಡಲಾಗಿ ಸಣ್ಣ ದಾರ ಕಟ್ಟಿದರು. ಅದು ಹರಿದುಹೋಗಿರಲು, ಊಟದ ಹೊತ್ತಿನಲ್ಲಿ ಅವನನ್ನು ದಿಟ್ಟಿಸುತ್ತ ಕುಳಿತರು. ಅವನೋ ಒಂದು ದಿನ ಹಿತ್ತಿಲಲ್ಲಿ ನಿಂತು, “ಅತ್ತಿಗೆ, ನೀವು ಹಾಕಿದ ನೀರನ್ನು ಸಿಮೆಂಟಿಗೆ ಹಾಕಿದ್ರೆ ಇಷ್ಟೊತ್ತಿಗೆ ಕಾರೇ ನಿಲ್ಲಿಸಬಹುದಿತ್ತು,” ಎಂದ. ಮರಳಿನವನಿಗೆ ಹೇಳಿಯೂ ಇಟ್ಟಿದ್ದ. ಗಡುವಿಗೆ ಉಳಿದಿದ್ದುದು ಕೆಲವೇ ವಾರ.

ಒಂದು ಬೆಳಗ್ಗೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ಓರಗಿತ್ತಿ, ಹಿಂಬಾಗಿಲ ಜಗಲಿಯ ಮೇಲಿದ್ದ ಅಮ್ಮನವರ ಫೋನನ್ನು ಎತ್ತಿಕೊಂಡಳು. ಆ್ಯಪಿನ ಆ ಚಿತ್ರದಲ್ಲಿ ಬೆರಳಾಡಿಸಿದರೆ ಸೂರ್ಯನು ಸರಿದು, ನೆರಳು ಹಿತ್ತಿಲ ಮೇಲೆ ಹರಿಯುತ್ತಿತ್ತು. ಆಡಿಸುತ್ತ ಆಡಿಸುತ್ತ ಅವಳ ಕೈ ನಿಂತಿತು.

“ಅಕ್ಕ, ಇದರಲ್ಲಿ ಸೂರ್ಯ ಹಿತ್ತಿಲ ಕಡೆ ಮುಳುಗ್ತಿದ್ದಾನಲ್ಲ? ನಾನು ಬೆಳಗಿನ ಬಿಸಿಲಿಗೆ ಬಟ್ಟೆ ಒಣಗಿಸ್ತಿರೋದು ಇಲ್ಲೇ ತಾನೇ? ಗೋಡೆ ನೋಡಿ, ಜೈಲಿನ ಗೋಡೆ ಇದ್ದ ಹಾಗಿದೆ.”

ಅಮ್ಮನವರು ಫೋನನ್ನು ಕೈಗೆ ತೆಗೆದುಕೊಂಡರು. ಒಮ್ಮೆ ಚಿತ್ರವನ್ನು ನೋಡಿದರು, ಒಮ್ಮೆ ಕಣ್ಣೆದುರಿನ ಗೋಡೆಯನ್ನು. ಗಿರಾಕಿಯು ಮೊದಲ ದಿನವೇ ಮಾದರಿ ಸಹಿಯನ್ನು ಬದಲಿಸಿ ಹಾಕಿಕೊಟ್ಟರೆ, ಮುಂದೆ ಅವನ ನಿಜವಾದ ಸಹಿಯೆಲ್ಲವೂ ಖೋಟಾ ಎಂದೇ ತೋರುತ್ತದೆ. ನೋಡುವ ಕಣ್ಣಿನಲ್ಲಿ ತಪ್ಪಿರುವುದಿಲ್ಲ. ಇದನ್ನು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಕಲಿಸಿದವರು ಅವರೇ. ಇಲ್ಲಿ ಗಿರಾಕಿಯೂ ಅವರೇ ಆಗಿದ್ದರು.

ಸಂಜೆ ಮೈದುನನು ಕಾರು ತೊಳೆಯುತ್ತಿದ್ದಲ್ಲಿಗೆ ತಾವಾಗಿಯೇ ಹೋದರು.

“ಗಿಡ ಕೆಡಿಸಿದ್ದು ನೀನು ಅಂದ್ಕೊಂಡಿದ್ದೆ ಕಣಪ್ಪ. ನೀನಲ್ಲ. ಆ್ಯಪಿಗೆ ನಾನೇ ಸುಳ್ಳು ಹೇಳಿದ್ದೆ.”

“ಅಂದ್ಕೊಂಡಿದ್ದು ಗೊತ್ತು ಅತ್ತಿಗೆ. ನೀವು ಕಟ್ಟಿದ ದಾರ ಸಿಕ್ಕಿದ್ದು ನನ್ನ ಕಾಲಿಗೇ.”

ಅಮ್ಮನವರ ಹುಬ್ಬು ಮೇಲೇರಿತು. “ಹಾಗಾದ್ರೆ ಹಿತ್ತಿಲಿಗೆ ಯಾಕೆ ಹೋಗಿದ್ದೆ?”

“ಕಾರು ಹಿಡಿಯುತ್ತಾ ಅಂತ ಅಳತೆ ನೋಡೋಕೆ.”

ಗಡುವನ್ನು ಮುಂದೂಡೆಂದು ಅವರು ಕೇಳಲಿಲ್ಲ. ಮುಂದೂಡುತ್ತೇನೆಂದು ಅವನೂ ಅನ್ನಲಿಲ್ಲ.

ಮರುದಿನ ಅಮ್ಮನವರು ಆ್ಯಪಿಗೆ ದಿಕ್ಕನ್ನೂ ಗೋಡೆಯ ಎತ್ತರವನ್ನೂ ಇದ್ದಂತೆ ತಿಳಿಸಿದರು. ಮನೆಯಲ್ಲಿ ಯಾವಾಗ ಇರುತ್ತೀರಿ ಎಂಬ ಪ್ರಶ್ನೆಯ ಉತ್ತರವನ್ನು ಅಳಿಸಿ, ಅಲ್ಲಿ ಏನನ್ನೂ ಬರೆಯದೆ ಬಿಟ್ಟರು. ಸುಳ್ಳು ಬೇಡ, ಆದರೆ ಕೇಳಿದ್ದನ್ನೆಲ್ಲ ಹೇಳಬೇಕೆಂಬ ನಿಯಮವೂ ಇಲ್ಲವೆಂಬುದು ಅವರ ನಿಲುವು. ಅದಕ್ಕೆ ನನ್ನ ಸಮ್ಮತಿಯೂ ಇದೆ. ಯೋಜನೆ ತಲೆಕೆಳಗಾಯಿತು. ಬದುಕುಳಿದ ಟೊಮೇಟೊ ಸಸಿಗಳು ಬಿಸಿಲಿನಂಚಿಗೆ ಹೋದವು. ಮನೆಗೋಡೆಯ ತಂಪಿನಲ್ಲಿ ಪಾಲಕ್ಕಿನ ಬೀಜ ಬಿದ್ದಿತು. ಈ ಸಲ ಅಮ್ಮನವರು ಪ್ರತಿದಿನವೂ ಚಿತ್ರದ ನೆರಳನ್ನು ನೆಲದ ನೆರಳಿನೊಡನೆ ಹೋಲಿಸಿ ನೋಡಿದರು.

ಗಡುವಿನ ದಿನ ಮೈದುನನು ಹಿತ್ತಿಲಿಗೆ ಬಂದನು. ಮನೆಗೋಡೆಯ ಬುಡದಲ್ಲಿ, ಎರಡೆರಡು ಎಲೆಗಳ ತೆಳ್ಳನೆಯ ಹಸಿರು ಸಾಲು. ಅವನು ಮಂಡಿಯೂರಿ, ಮುಖವನ್ನು ನೆಲಕ್ಕೆ ತಂದು ನೋಡಿದನು.

“ರಾತ್ರೋರಾತ್ರಿ ನರ್ಸರಿಯಿಂದ ತಂದು ಚುಚ್ಚಿದ್ದಲ್ಲ ತಾನೇ, ಅತ್ತಿಗೆ?”

“ಕಿತ್ತು ನೋಡಪ್ಪ,” ಎಂದರು ಅಮ್ಮನವರು.

ಅವನು ನಿಜವಾಗಿಯೂ ಒಂದನ್ನು ಕಿತ್ತನು. ಎಳೆಯ ಬೇರು ಮಣ್ಣಿನ ಕಣಗಳನ್ನು ಅಪ್ಪಿಕೊಂಡೇ ಬಂದಿತು. ಎಲೆಯ ತುದಿಯಲ್ಲಿ ಬಿರಿದ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತನು. ಬಳಿಕ ಬೆರಳಿನಿಂದ ಕುಳಿ ತೋಡಿ, ಸಸಿಯನ್ನು ಮರಳಿ ಇಳಿಸಿ, ಬೊಗಸೆಯಲ್ಲಿ ನೀರು ಹನಿಸಿದನು. ಎದ್ದು ನಿಂತವನೇ ಮರಳಿನವನಿಗೆ ಫೋನು ಮಾಡಿ, ಬರುವುದು ಬೇಡವೆಂದನು. ಅಮ್ಮನವರು ಬಗ್ಗಿ, ಅವನು ನೆಟ್ಟದ್ದು ನೆಟ್ಟಗಿದೆಯೇ ಎಂದು ನೋಡಿದರು.

ಎಲ್ಲವನ್ನೂ ಕಾಣುವ ಪರಮಾತ್ಮನು ಆ ತಾಯಿಯ ಕಣ್ಣನ್ನು ಕಡೆತನಕ ಚುರುಕಾಗಿಟ್ಟಿರಲಿ. ಅವರ ಯಜಮಾನರಿಗೆ ನೆಮ್ಮದಿಯನ್ನೂ, ಓರಗಿತ್ತಿಯ ನಗುವಿಗೆ ದೀರ್ಘಾಯುಷ್ಯವನ್ನೂ, ಮೈದುನನ ಕಾರಿಗೆ ಬೀದಿಯಲ್ಲೊಂದು ನೆರಳಿನ ಎಡೆಯನ್ನೂ ಕರುಣಿಸಲಿ. ಆ ಮನೆಯ ಹಿಂಬಾಗಿಲು ಎಂದೆಂದೂ ಹಸಿರಿಗೇ ತೆರೆಯಲಿ.