ವಾಸ್ಕೋದ ಸತ್ಯಭಾಮಾ, ಯೋಕೋಹಾಮಾದಲ್ಲಿ

ಸತ್ಯಭಾಮಾಳಿಗೆ ಊರು ಯಾವುದೆಂದು ಕೇಳಬಾರದು. ಕೇಳಿದಿರೋ, ಆ ಸಂಜೆ ಕೆಟ್ಟಿತು. ಯೋಕೋಹಾಮಾಕ್ಕೆ ಹೊಸದಾಗಿ ಬರುವ ಕನ್ನಡದವರ ಕಿವಿಗೆ ಇದನ್ನು ನಾನು ಮೊದಲೇ ಹಾಕಿಟ್ಟಿರುತ್ತೇನೆ. ಆದರೂ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ಅವಳು ಗೋವಾ, ವಾಸ್ಕೋ ಎನ್ನುತ್ತಾಳೆ. ವಾವ್, ಬೀಚು, ಪಾರ್ಟಿ ಎಂದು ಅವರು ಹಲ್ಲು ಕಿರಿಯುತ್ತಾರೆ. ಆಮೇಲೆ, ಅಂದರೆ ನೀವು ಕನ್ನಡದವರಲ್ಲವಾ ಎಂಬ ಪ್ರಶ್ನೆ. ಅಲ್ಲಿಗೆ ಮುಗಿಯಿತು. ಅವಳ ಬಾಯಿ ಮುಚ್ಚಿಸಲು ನನ್ನಿಂದಾಗದು, ಅವಳ ಗಂಡ ಅಶ್ವತ್ಥನಿಂದ ಮೊದಲೇ ಆಗದು. ಅವನು ಶಿನಾಗಾವಾದ ಆಫೀಸಿನಿಂದ ಬೇಕೆಂದೇ ತಡವಾಗಿ ಬರುತ್ತಾನೆಂದು ನನ್ನ ಗುಮಾನಿ.

ಅವಳ ಸಿಟ್ಟಿಗೆ ಕಾರಣವಿಲ್ಲ ಎನ್ನುವಂತೆಯೂ ಇಲ್ಲ. ಅಪ್ಪ ಗದಗದ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲೇ ಮಾರ್ಮಗೋವಾ ಬಂದರಿಗೆ ಹೋಗಿ ಹಡಗಿಗೆ ಅದಿರು ತುಂಬುವ ಕೂಲಿಗೆ ಸೇರಿದರು. ಇವಳು ಹುಟ್ಟಿದ್ದು ಅಲ್ಲಿಯೇ, ವಾಸ್ಕೋದ ಕಡಲಂಚಿನ ತಗಡಿನ ಮನೆಯಲ್ಲಿ. ಒಳಗೆ ಕನ್ನಡ, ಹೊಸಿಲು ದಾಟಿದರೆ ಕೊಂಕಣಿ. ಅಲ್ಲಿಯ ಶಾಲೆಯಲ್ಲಿ ಅವಳನ್ನು ಘಾಟಿ ಎಂದು ಕರೆದರು, ಘಟ್ಟದಾಚೆಯಿಂದ ಬಂದವಳು ಎಂಬ ಬೈಗುಳ ಅದು. ಹುಬ್ಬಳ್ಳಿಯ ಕಾಲೇಜಿಗೆ ಹೋದರೆ ಅಲ್ಲಿಯ ಹುಡುಗಿಯರು ಗೋವಾದವಳು ಎಂದು ಪಕ್ಕಕ್ಕೆ ಸರಿದು ಕೂತರು. ಮದುವೆಯಾದ ಹೊಸದರಲ್ಲಿ, ಆ ಕಡಲಂಚಿನ ಮನೆಗಳೆಲ್ಲ ಅಕ್ರಮವೆಂದು ಕೆಡವುವಾಗ ಅಪ್ಪನ ಮನೆಯೂ ಹೋಯಿತು. ಅಷ್ಟಾದ ಮೇಲೂ ಆ ಊರನ್ನು ಬಿಟ್ಟುಕೊಡಲೊಲ್ಲಳು. ಇಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಹೊದೆಸಿಟ್ಟ ಬಂಗುಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ವಾಸ್ಕೋದ ಮೀನುಗಾರ್ತಿ ಇದನ್ನು ಬೆಕ್ಕಿಗೂ ಹಾಕಳು ಎನ್ನುತ್ತಾಳೆ. ಅಂಗಡಿಯ ಹುಡುಗನಿಗೆ ಸುಮಿಮಾಸೆನ್, ಕ್ಷಮಿಸಿಯಪ್ಪಾ, ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ನಮ್ಮ ವಾರ್ಡಿನ ಸಮುದಾಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ 'ನನ್ನ ಊರು' ಎಂಬ ಕಾರ್ಯಕ್ರಮ. ಹೊರದೇಶದ ಒಂದು ಕುಟುಂಬ ಬಂದು ತಮ್ಮ ಊರಿನ ಕಥೆ ಹೇಳಬೇಕು. ಕೊನೆಗೆ ಆ ಮನೆಯ ಮಗು ಎದ್ದು ನಿಂತು, ಅಪ್ಪ ಅಮ್ಮನ ಈ ಊರು ನನ್ನ ಊರೂ ಹೌದು ಎಂದು ಜಪಾನಿಯಲ್ಲಿ ಹೇಳಬೇಕು. ಚಪ್ಪಾಳೆ, ಚಹಾ, ಅರಿಗಾತೋ ಎಂಬ ಧನ್ಯವಾದ. ಈ ಸಲ ನಮ್ಮ ಕನ್ನಡ ಬಳಗದ ಸರದಿ, ನಡೆಸುವವಳು ನಾನು. ನಾನು ಬೇಡ ಬೇಡವೆಂದರೂ ಸತ್ಯಭಾಮಾ ತನ್ನ ಹೆಸರು ಕೊಟ್ಟಳು. ಕಾರಣ ಅವಳ ಮಗಳು ಜಾಹ್ನವಿ. ಹದಿನೈದರ ಹುಡುಗಿ, ಹುಟ್ಟಿ ಬೆಳೆದದ್ದು ಇಲ್ಲಿಯೇ. ಅವಳು ಶಾಲೆಯಲ್ಲಿ ತನ್ನ ಊರು ಬೆಂಗಳೂರು ಎಂದು ಹೇಳಿಕೊಂಡು ಬಂದಿದ್ದಳಂತೆ. ಪೋಷಕರ ಸಭೆಯಲ್ಲಿ ಟೀಚರ ಬಾಯಿಂದ ಅದನ್ನು ಕೇಳಿ ಸತ್ಯಭಾಮಾ ನೇರ ನಮ್ಮ ಮನೆಗೆ ಬಂದಳು. ಬೆಂಗಳೂರು ಎಂದರೆ ಯಾರೂ ಮತ್ತೆ ಪ್ರಶ್ನೆ ಕೇಳುವುದಿಲ್ಲ, ಅದಕ್ಕೆ ಹಾಗೆ ಹೇಳಿದ್ದು ಎಂದಳಂತೆ ಮಗಳು. ಆ ಊರಿನಲ್ಲಿ ಅವಳು ಕಂಡದ್ದು ವಿಮಾನ ನಿಲ್ದಾಣ ಮಾತ್ರ.

"ಎಲ್ಲರ ಎದುರಿಗೆ ಒಂದ್ಸಲ ಅವಳ ಬಾಯಲ್ಲಿ ವಾಸ್ಕೋ ಅಂತ ಬರ್ಬೇಕು ಪದ್ಮಾ," ಎಂದಳು. "ಮನೆಯಂತೂ ಇಲ್ಲ. ಅವಳೂ ಹೇಳ್ಲಿಲ್ಲ ಅಂದ್ರೆ ನನ್ ಜೊತೇನೇ ಆ ಊರು ಮುಗೀತು."

ಹಾಗೆಂದ ಮೇಲೆ ಒಪ್ಪಿಕೊಂಡೆ.

ಇಷ್ಟು ಸಾಲದೆಂಬಂತೆ ರಮಾಕಾಂತ ಮೂಗು ತೂರಿಸಿದರು. ಇವರು ಜಪಾನಿನದೇ ವಾಕೋ ಎಂಬ ಊರಿನಲ್ಲಿ ವಿಜ್ಞಾನಿ, ನಮ್ಮ ಬಳಗದ ಹಿರಿಯರು, ಯಾವ ವಿಷಯಕ್ಕೂ ಸ್ಲೈಡು ಮಾಡಿಡುವ ಪುಣ್ಯಾತ್ಮ. ಗೋವಾವನ್ನು ಆಳಿದ ಕದಂಬರು ನಮ್ಮವರು, ಹಾಗಾಗಿ ಗೋವಾ ಕನ್ನಡದ್ದೇ, ಸತ್ಯಭಾಮಾ ಸಂಕೋಚಪಡಬೇಕಾಗಿಲ್ಲ ಎಂದು ಫೋನಿನಲ್ಲಿ ಸಮಾಧಾನ ಬೇರೆ ಹೇಳಿದರು. ಅವಳು ಪಕ್ಕದಲ್ಲಿರುವಾಗಲೇ ನಾನು ಸ್ಪೀಕರ್ ಆನ್ ಮಾಡಿದ್ದೆ, ನನ್ನ ತಪ್ಪು.

"ಸರ್, ನಮ್ಮನೆ ಕೆಡವೋವಾಗ ಯಾವ ಕದಂಬರು ಬಂದಿದ್ರು?" ಎಂದಳು ಸತ್ಯಭಾಮಾ.

ಅವರು ಕೆಮ್ಮಿದರು. ಸ್ಲೈಡುಗಳನ್ನು ಮಾತ್ರ ಕಳಿಸಿದರು. ತೆಂಗಿನ ಮರ, ಇಗರ್ಜಿ, ಗೋಡಂಬಿ, ಮತ್ತೆ ತೆಂಗಿನ ಮರ.

ಕಾರ್ಯಕ್ರಮದ ದಿನ ಅವಳು ಅದೆಲ್ಲವನ್ನೂ ಬದಿಗಿಟ್ಟು ಬರಿಗೈಯಲ್ಲಿ ನಿಂತು ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು. ಗೋವಾ ನಾಲ್ಕೂವರೆ ಶತಮಾನ ಪೋರ್ಚುಗೀಸರ ಕೈಲಿದ್ದದ್ದು, ಅರವತ್ತೊಂದರಲ್ಲಿ ಬಿಡುಗಡೆಯಾದದ್ದು. ಪಕ್ಕದ ದೊಡ್ಡ ಮರಾಠಿ ರಾಜ್ಯಕ್ಕೆ ಸೇರುತ್ತೀರಾ ಎಂದು ಮತ ಕೇಳಿದಾಗ ಬೇಡ, ನಾವು ನಾವೇ ಎಂದು ಅಲ್ಲಿಯ ಜನ ಹೇಳಿದ್ದು. ಅದನ್ನು ಹೇಳುವಾಗ ಅವಳ ದನಿ ಏರಿತು. ಹಾಗೆ ಹೇಳಿದ ನಾಡೇ ಅವಳಪ್ಪನನ್ನು ಕೊನೆಯವರೆಗೂ ಹೊರಗಿನವನೆಂದದ್ದನ್ನೂ ಬಿಡಲಿಲ್ಲ. ಈಗ ಮಾಂಡೋವಿ ನದಿಯಲ್ಲಿ ಜೂಜಿನ ಹಡಗುಗಳು, ಹಳೆಯ ಮನೆಗಳನ್ನು ಕೊಳ್ಳಲು ಬರುವ ಡೆಲ್ಲಿಯವರು, ಹುಟ್ಟಿದವರಿಗೇ ಎಟುಕದ ನೆಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಯೋಕೋಹಾಮಾದಿಂದ ಹೊರಟ ಹಡಗು ಮಾರ್ಮಗೋವಾದಲ್ಲಿ ನಿಂತು, ಸಿಕ್ಕಿಬಿದ್ದಿದ್ದ ಅಮೆರಿಕದವರನ್ನು ಇಳಿಸಿ ಜಪಾನಿನವರನ್ನು ಹತ್ತಿಸಿಕೊಂಡ ಸಂಗತಿಯನ್ನೂ ಹೇಳಿದಳು. ಜನ ತಲೆದೂಗಿದರು. ಪ್ರಶ್ನೆಗಳಿವೆಯೇ ಎಂದೆ. ಯಾವ ಬೀಚು ಚೆನ್ನಾಗಿದೆ ಎಂದರು ಒಬ್ಬರು. ಕದಂಬರ ಬಗ್ಗೆ ಎರಡು ಮಾತು ಸೇರಿಸುತ್ತೇನೆಂದು ಎದ್ದರು ರಮಾಕಾಂತ. ಅವರನ್ನು ಕೂರಿಸುವಷ್ಟರಲ್ಲಿ ನನಗೆ ತಲೆ ಚಿಟ್ಟು ಹಿಡಿಯಿತು.

ಆಮೇಲೆ ಜಾಹ್ನವಿಯ ಸರದಿ. ಹುಡುಗಿ ಎದ್ದಳು. ಅಮ್ಮ ಮೈಕು ಕೊಟ್ಟು ಪಕ್ಕದಲ್ಲೇ ನಿಂತಳು, ಕಣ್ಣಲ್ಲೇ ಒತ್ತಾಯಿಸುತ್ತ. ಅದು ನನ್ನ ಅಮ್ಮನ ಊರು, ಕೇಳಲು ಇಷ್ಟ, ಎಂದಳು ಹುಡುಗಿ ಸ್ವಚ್ಛ ಜಪಾನಿಯಲ್ಲಿ. ನಾನು ಅಲ್ಲಿ ಎಂದೂ ಇದ್ದಿಲ್ಲ. ಬೆಂಗಳೂರು ಅಂತ ಹೇಳಿದ್ದು ಸುಳ್ಳು. ನನ್ನ ಊರು ಯೋಕೋಹಾಮಾ, ಎಂದು ಮುಗಿಸಿದಳು.

ಸತ್ಯಭಾಮಾಳ ಮುಖ ಬಿಳುಚಿತು. ಅಯ್ಯೋ ಹುಡುಗಿ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಒಳಗೇ ಬೈದೆ. ಮನೆಗೆ ಹೋದ ಮೇಲೆ ಮಹಾಯುದ್ಧವೇ ಎಂದುಕೊಂಡೆ.

ಅಷ್ಟರಲ್ಲಿ ಮುಂದಿನ ಸಾಲಿನ ಜಪಾನಿ ಅಜ್ಜಿಯೊಬ್ಬರು ಬಾಯಿತುಂಬ ನಕ್ಕರು. ಕೆಟ್ಟ ಮನಸ್ಸಿಲ್ಲ, ಕಕ್ಕುಲಾತಿಯೇ. ಎಷ್ಟು ಚಂದ ಜಪಾನಿ ಮಾತಾಡುತ್ತೀಯಮ್ಮಾ, ಈ ದೇಶಕ್ಕೆ ಯಾವಾಗ ಬಂದೆ ಎಂದು ಕೇಳಿದರು. ಇಲ್ಲಿಯೇ ಹುಟ್ಟಿದ್ದು ಎಂದಳು ಜಾಹ್ನವಿ, ಸಣ್ಣ ದನಿಯಲ್ಲಿ. ಹೌದಾ, ಹೌದಾ, ಎಂದರು ಅಜ್ಜಿ. ಆದರೂ ನಿಜವಾದ ಊರು ಅಂತ ಒಂದಿರುತ್ತದಲ್ಲ, ಅದು ಯಾವುದು?

ಜಾಹ್ನವಿ ಅಮ್ಮನ ಕಡೆ ತಿರುಗಿದಳು. ಅಮ್ಮ ಹೇಳಿಕೊಟ್ಟ ವಾಸ್ಕೋ ಹೆಸರನ್ನೇ ಹೇಳಿಬಿಡುವಷ್ಟು ಸೋತಿದ್ದಳು. ತುಟಿಯವರೆಗೂ ಬಂದಿತ್ತು ಅದು. ಬಾಯಿ ತೆರೆದೂ ಬಿಟ್ಟಳು.

ಸತ್ಯಭಾಮಾ ಅವಳ ಕೈಯಿಂದ ಮೈಕು ತೆಗೆದುಕೊಂಡಳು.

"ಇವಳ ಊರು ಯೋಕೋಹಾಮಾ," ಎಂದಳು ಜಪಾನಿಯಲ್ಲಿ, ಒಂದೊಂದೇ ಪದವಾಗಿ. "ಇವಳೇ ಹೇಳಿ ಆಯ್ತು. ಇನ್ನೊಂದ್ಸಲ ಕೇಳಬೇಡಿ."